ಹಳೆಯ ವಾಹನಕ್ಕೆ ಬಳಸಿದ ಎಂಜಿನ್ ಬಿಡಿಭಾಗ ಕೊಳ್ಳುವಾಗ ಹೊಂದಾಣಿಕೆ ಪರೀಕ್ಷಿಸುವ ಕ್ರಮ

ತಯಾರಕರು ಬಿಡಿಭಾಗಗಳ ಪೂರೈಕೆಯನ್ನು ನಿಲ್ಲಿಸಿದ ಮೇಲೆ, ಹಳೆಯ ವಾಹನವೊಂದನ್ನು ಓಡುವ ಸ್ಥಿತಿಯಲ್ಲಿ ಉಳಿಸಿಕೊಳ್ಳಬೇಕಾದವರು ಒಂದಲ್ಲ ಒಂದು ದಿನ ಇನ್ನೊಂದು ವಾಹನದಿಂದ ಬಿಚ್ಚಿದ ಭಾಗವನ್ನು ಕೊಳ್ಳಬೇಕಾಗುತ್ತದೆ. ಅಂಥ ಸಂದರ್ಭದಲ್ಲಿ ಹೆಚ್ಚಿನವರು ಭಾಗ ಎಷ್ಟು ಸವೆದಿದೆ ಎಂಬುದನ್ನೇ ಮೊದಲು ನೋಡುತ್ತಾರೆ. ಸವೆತವನ್ನು ಬಹುಮಟ್ಟಿಗೆ ಲೇತ್ ಕೆಲಸದಿಂದಲೋ ಹೊಸ ಬೇರಿಂಗ್‌ಗಳಿಂದಲೋ ಸರಿಪಡಿಸಬಹುದು. ಆದರೆ ಮೂಲದಲ್ಲೇ ಬೇರೆ ಎಂಜಿನ್‌ಗಾಗಿ ತಯಾರಾದ ಭಾಗವನ್ನು ನಿಮ್ಮ ಎಂಜಿನ್‌ಗೆ ಒಗ್ಗಿಸಲು ಹೊರಟರೆ ಖರ್ಚು ಭಾಗದ ಬೆಲೆಯನ್ನು ಮೀರುತ್ತದೆ, ಕೆಲವೊಮ್ಮೆ ಇದ್ದ ಎಂಜಿನ್ನೂ ಹಾಳಾಗುತ್ತದೆ. ಆದ್ದರಿಂದ ಹೊಂದಾಣಿಕೆಯ ಪರೀಕ್ಷೆ ಮೊದಲು, ಸವೆತದ ಪರೀಕ್ಷೆ ಆಮೇಲೆ ನಡೆಯಬೇಕು.

ಹೊಂದಾಣಿಕೆಯಲ್ಲಿ ಮೂರು ಹಂತಗಳಿವೆ. ಭಾಗವು ಅದರ ಜಾಗದಲ್ಲಿ ಸರಿಯಾಗಿ ಕೂರಬೇಕು. ಅಕ್ಕಪಕ್ಕದ ಭಾಗಗಳೊಂದಿಗೆ ನೀರಿನ ಮತ್ತು ಆಯಿಲ್‌ನ ದಾರಿ, ಗೇರಿನ ಹಲ್ಲು, ಅಂತರ ಎಲ್ಲದರಲ್ಲೂ ಕೂಡಿಬರಬೇಕು. ಕೊನೆಯದಾಗಿ, ಹಿಂದಿನ ಭಾಗ ಮಾಡುತ್ತಿದ್ದ ಕೆಲಸವನ್ನು ಅದೇ ಪ್ರಮಾಣದಲ್ಲಿ ಮಾಡಬೇಕು. ಬೋಲ್ಟ್‌ಗಳು ಕೂತ ಮಾತ್ರಕ್ಕೆ ಉಳಿದೆರಡೂ ಸಿದ್ಧಿಸಿದವೆಂದು ಭಾವಿಸುವುದರಿಂದಲೇ ಹೆಚ್ಚಿನ ನಷ್ಟ ಆಗುತ್ತದೆ. ‘ಅದೇ ಮಾದರಿ, ಅದೇ ವರ್ಷದ ಗಾಡಿಯದು’ ಎಂಬ ಮಾರುವವರ ಮಾತು ಪ್ರಾಮಾಣಿಕವಾಗಿಯೇ ಇದ್ದರೂ ಅದನ್ನು ಹುಡುಕಾಟದ ಆರಂಭವೆಂದು ಮಾತ್ರ ತೆಗೆದುಕೊಳ್ಳಬೇಕು. ತೀರ್ಮಾನವನ್ನು ಭಾಗದ ಮೇಲಿನ ಸಂಖ್ಯೆಗಳಿಗೆ ಮತ್ತು ನೀವೇ ತೆಗೆದ ಅಳತೆಗಳಿಗೆ ಬಿಡಬೇಕು.

ಮೊದಲನೆಯ ಹೆಜ್ಜೆ: ವಾಹನದಲ್ಲಿ ಈಗ ಇರುವ ಎಂಜಿನ್ ಯಾವುದು?

ಪ್ರಶ್ನೆ ಸರಳವಾಗಿ ಕಂಡರೂ ಹಳೆಯ ವಾಹನಗಳಲ್ಲಿ ಉತ್ತರ ಅಷ್ಟು ಸರಳವಲ್ಲ. ಮೂವತ್ತು ನಲವತ್ತು ವರ್ಷ ಓಡಿದ ವಾಹನದಲ್ಲಿ ಹಿಂದಿನ ಮಾಲೀಕರು ಎಂಜಿನ್ನನ್ನೇ ಬದಲಾಯಿಸಿರಬಹುದು, ಬ್ಲಾಕ್ (ಸಿಲಿಂಡರುಗಳಿರುವ ಮುಖ್ಯ ಎರಕ) ಒಂದು ವರ್ಷದ್ದು, ಹೆಡ್ (ಅದರ ಮೇಲೆ ಕೂರುವ ಮುಚ್ಚಳದಂಥ ಭಾಗ) ಇನ್ನೊಂದು ವರ್ಷದ್ದು ಆಗಿರಬಹುದು. ನೋಂದಣಿ ಪತ್ರದಲ್ಲಿ ಬರೆದಿರುವ ಎಂಜಿನ್ ನಂಬರನ್ನು ಬ್ಲಾಕ್ ಮೇಲೆ ಕೊರೆದಿರುವ ನಂಬರಿನ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಈ ನಂಬರು ಸಾಮಾನ್ಯವಾಗಿ ಬ್ಲಾಕ್ ಮತ್ತು ಹೆಡ್ ಸೇರುವ ಅಂಚಿನ ಬಳಿ ಅಥವಾ ಗೇರ್‌ಬಾಕ್ಸ್ ಸೇರುವ ತುದಿಯಲ್ಲಿ ಸಪಾಟಾಗಿ ಕೆತ್ತಿದ ಸಣ್ಣ ಜಾಗದಲ್ಲಿರುತ್ತದೆ. ಗ್ರೀಸು ಮತ್ತು ಬಣ್ಣದ ಪದರದ ಕೆಳಗೆ ಅಡಗಿರುವುದರಿಂದ ದ್ರಾವಕ ಮತ್ತು ತಂತಿಯ ಬ್ರಷ್‌ನಿಂದ ಉಜ್ಜಬೇಕಾಗಬಹುದು. ಎಂಜಿನ್ ನಂಬರಿನ ಮೊದಲ ಕೆಲವು ಅಕ್ಷರಗಳೇ ಹಲವು ತಯಾರಕರಲ್ಲಿ ಎಂಜಿನ್‌ನ ಗಾತ್ರ, ಕಂಪ್ರೆಷನ್ ಅನುಪಾತ (ಸಿಲಿಂಡರಿನೊಳಗಿನ ಅನಿಲವನ್ನು ಎಷ್ಟು ಪಟ್ಟು ಅದುಮುತ್ತದೆ ಎಂಬ ಲೆಕ್ಕ) ಮತ್ತು ಅದು ಯಾವ ಗೇರ್‌ಬಾಕ್ಸ್‌ಗಾಗಿ ಸಿದ್ಧವಾಯಿತೆಂಬುದನ್ನು ಹೇಳುತ್ತವೆ.

ಚಾಸಿ ನಂಬರಿನ ವಿಷಯದಲ್ಲಿ ಒಂದು ಮಿತಿಯನ್ನು ತಿಳಿದಿರಬೇಕು. ಇಂದಿನ 17 ಅಂಕಾಕ್ಷರಗಳ ಏಕರೂಪ ಕ್ರಮ ಅಮೆರಿಕದಲ್ಲಿ ಕಡ್ಡಾಯವಾದದ್ದು 1981ರ ಮಾದರಿಗಳಿಂದ. ಅದಕ್ಕೂ ಹಿಂದಿನ ವಾಹನಗಳಲ್ಲಿ ಪ್ರತಿ ತಯಾರಕರೂ ತಮ್ಮದೇ ಕ್ರಮವನ್ನು ಅನುಸರಿಸುತ್ತಿದ್ದರು. ಹಾಗಾಗಿ ಹೊಸ ವಾಹನಗಳಿಗಾಗಿ ಇರುವ ಹುಡುಕಾಟದ ಸಾಧನಗಳಲ್ಲಿ ಹಳೆಯ ನಂಬರನ್ನು ಹಾಕಿದರೆ ಏನೂ ಸಿಗದೆ ಹೋಗಬಹುದು. ಅಂಥ ವಾಹನಕ್ಕೆ ಆ ಕಾಲದ ಮುದ್ರಿತ ಬಿಡಿಭಾಗಗಳ ಪಟ್ಟಿ ಮತ್ತು ಕಾರ್ಯಾಗಾರದ ಕೈಪಿಡಿಯೇ ಆಧಾರ. ಎರಡನ್ನೂ ಸಂಪಾದಿಸಿಕೊಳ್ಳದೆ ಖರೀದಿಗೆ ಹೊರಡುವುದು ಸಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೈಪಿಡಿ ಅಳತೆಗಳನ್ನು ಕೊಡುತ್ತದೆ, ಪಟ್ಟಿ ಸಂಖ್ಯೆಗಳನ್ನು ಕೊಡುತ್ತದೆ, ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

ಪಟ್ಟಿಯನ್ನು ಓದುವಾಗ ಮಾದರಿಯ ವರ್ಷಕ್ಕಿಂತ ತಯಾರಾದ ತಿಂಗಳು ಮುಖ್ಯವಾಗುತ್ತದೆ. ತಯಾರಕರು ಬದಲಾವಣೆಗಳನ್ನು ಹೊಸ ವರ್ಷ ಬರಲೆಂದು ಕಾಯದೆ ಮಧ್ಯದಲ್ಲೇ ಜಾರಿಗೆ ತರುತ್ತಿದ್ದರು. ‘ಇಂಥ ಚಾಸಿ ನಂಬರಿನವರೆಗೆ’, ‘ಇಂಥ ಎಂಜಿನ್ ನಂಬರಿನಿಂದ’ ಎಂದು ಪಟ್ಟಿಯ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿರುವ ಟಿಪ್ಪಣಿಗಳೇ ಆ ಗಡಿಗಳು. ನಿಮ್ಮ ವಾಹನ ಗಡಿಯ ಯಾವ ಬದಿಗೆ ಬರುತ್ತದೆ, ಕೊಳ್ಳಬೇಕಾದ ಭಾಗ ಯಾವ ಬದಿಯ ವಾಹನದಿಂದ ಬಂದಿದೆ ಎಂಬ ಎರಡನ್ನೂ ಗುರುತಿಸಿಕೊಳ್ಳಿ.

ಇನ್ನೊಂದು ಮಾತು. ನಿಮ್ಮ ಎಂಜಿನ್ ಹಿಂದೆ ಎಂದಾದರೂ ಬೋರ್ ಆಗಿದ್ದರೆ (ಸಿಲಿಂಡರುಗಳನ್ನು ಕೊರೆದು ಅಗಲಿಸಿದ್ದರೆ) ಅಥವಾ ಕ್ರ್ಯಾಂಕ್ (ಪಿಸ್ಟನ್‌ಗಳ ಚಲನೆಯಿಂದ ತಿರುಗುವ ಮುಖ್ಯ ದಂಡ) ಅರೆಸಿಕೊಂಡಿದ್ದರೆ ಪಟ್ಟಿಯಲ್ಲಿರುವ ಮೂಲ ಅಳತೆ ಅದಕ್ಕೆ ಅನ್ವಯಿಸುವುದಿಲ್ಲ. ಪಿಸ್ಟನ್‌ನ ತಲೆಯ ಮೇಲೆ 0.50 ಅಥವಾ 1.00 ಎಂಬಂಥ ಗುರುತಿದ್ದರೆ ಅದು ಅಷ್ಟು ಮಿಲಿಮೀಟರ್ ದೊಡ್ಡದಾಗಿರುವ ಓವರ್‌ಸೈಜ್ ಪಿಸ್ಟನ್. ಬೇರಿಂಗ್ ಚಿಪ್ಪಿನ ಹಿಂಬದಿಯಲ್ಲಿ 0.25 ಎಂದಿದ್ದರೆ ಕ್ರ್ಯಾಂಕಿನ ಜರ್ನಲ್ (ಬೇರಿಂಗಿನೊಳಗೆ ತಿರುಗುವ ನುಣುಪಾದ ಭಾಗ) ಅಷ್ಟು ಸಣ್ಣದಾಗಿದೆ ಎಂದರ್ಥ. ಇಂಚಿನ ಲೆಕ್ಕದ ಎಂಜಿನ್‌ಗಳಲ್ಲಿ ಇದೇ ಗುರುತುಗಳು 010, 020, 030 ಎಂದು ಸಾವಿರದ ಅಂಶಗಳಲ್ಲಿರುತ್ತವೆ.

ಎರಡನೆಯ ಹೆಜ್ಜೆ: ಭಾಗದ ಮೇಲಿನ ಸಂಖ್ಯೆಗಳನ್ನು ಬೇರೆಬೇರೆಯಾಗಿ ಓದುವುದು

ಒಂದು ಹೆಡ್ ಅಥವಾ ಬ್ಲಾಕ್ ಮೇಲೆ ನಾಲ್ಕಾರು ಸಂಖ್ಯೆಗಳು ಕಾಣುತ್ತವೆ, ಅವೆಲ್ಲ ಒಂದೇ ಸಂಗತಿಯನ್ನು ಹೇಳುವುದಿಲ್ಲ. ಮೇಲ್ಮೈಯಿಂದ ಉಬ್ಬಿರುವ ಸಂಖ್ಯೆ ಎರಕದ ಅಚ್ಚಿನಿಂದ ಬಂದದ್ದು. ಅದು ಕಚ್ಚಾ ಎರಕದ ಗುರುತೇ ಹೊರತು ಸಿದ್ಧವಾದ ಭಾಗದ ಗುರುತಲ್ಲ. ಒಂದೇ ಎರಕವನ್ನು ಒಂದು ಎಂಜಿನ್‌ಗಾಗಿ ಸಣ್ಣ ವಾಲ್ವ್‌ಗಳಿಗೂ ಇನ್ನೊಂದಕ್ಕಾಗಿ ದೊಡ್ಡ ವಾಲ್ವ್‌ಗಳಿಗೂ ಕೊರೆದಿರುವ ಉದಾಹರಣೆಗಳು ಧಾರಾಳವಾಗಿವೆ. ಆದ್ದರಿಂದ ಎರಕದ ಸಂಖ್ಯೆ ಹೊಂದದಿದ್ದರೆ ಅನುಮಾನ ಪಡಬೇಕು, ಹೊಂದಿದರೆ ಪರೀಕ್ಷೆಯನ್ನು ಮುಂದುವರಿಸಬೇಕು. ಸುತ್ತಿಗೆಯ ಅಚ್ಚಿನಿಂದ ಒತ್ತಿದ, ಮೇಲ್ಮೈಗಿಂತ ತಗ್ಗಾಗಿರುವ ಸಂಖ್ಯೆ ಸಾಮಾನ್ಯವಾಗಿ ಸಿದ್ಧಭಾಗದ್ದು, ಸರಣಿಯದ್ದು ಅಥವಾ ಅಳತೆಯ ವರ್ಗದ್ದು. ಇವುಗಳ ಜೊತೆಗೆ ಎರಕ ಹೊಯ್ದ ದಿನಾಂಕವನ್ನು ಸೂಚಿಸುವ ಸಣ್ಣ ಸಂಕೇತವೂ ಇರಬಹುದು. ಗಡಿಯ ಆಚೀಚೆಯ ಪ್ರಶ್ನೆ ಬಂದಾಗ ಮಾರುವವರ ನೆನಪಿಗಿಂತ ಆ ಸಂಕೇತ ಹೆಚ್ಚು ನಂಬಲರ್ಹ. ಆದರೆ ಎರಕ ಹೊಯ್ದ ದಿನ ಎಂಜಿನ್ ಜೋಡಿಸಿದ ದಿನಕ್ಕಿಂತ ವಾರಗಳ ಅಥವಾ ತಿಂಗಳುಗಳ ಹಿಂದಿನದಾಗಿರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪಾರ್ಟ್ ನಂಬರ್ ಬದಲಾದ ಸಂದರ್ಭಗಳನ್ನು ಇನ್ನೂ ಎಚ್ಚರದಿಂದ ನೋಡಬೇಕು. ತಯಾರಕರು ಹಳೆಯ ಸಂಖ್ಯೆಯ ಬದಲಿಗೆ ಹೊಸ ಸಂಖ್ಯೆ ಬಂದಿದೆ ಎಂದು ಪ್ರಕಟಿಸಿದಾಗ, ಹೊಸ ಭಾಗವನ್ನು ಹಳೆಯ ಎಂಜಿನ್‌ಗೆ ಹಾಕಬಹುದು ಎಂಬುದಷ್ಟೇ ಖಚಿತವಾಗುತ್ತದೆ. ಹಳೆಯ ಭಾಗವನ್ನು ಹೊಸ ಎಂಜಿನ್‌ಗೆ ಹಾಕಬಹುದೆಂದು ಅದರಿಂದ ಸಿದ್ಧವಾಗುವುದಿಲ್ಲ. ಬಳಸಿದ ಭಾಗಗಳ ಮಾರುಕಟ್ಟೆಯಲ್ಲಿ ಸಿಗುವುದು ಹೆಚ್ಚಾಗಿ ಹಳೆಯ ಸಂಖ್ಯೆಯ ಭಾಗವೇ ಆದ್ದರಿಂದ ಈ ಏಕಮುಖತೆ ನೇರವಾಗಿ ನಿಮ್ಮನ್ನು ತಟ್ಟುತ್ತದೆ. ಕೆಲವು ಬದಲಾವಣೆಗಳಲ್ಲಿ ಹೊಸ ಭಾಗದ ಜೊತೆಗೆ ಇನ್ನೊಂದು ಭಾಗವನ್ನೂ ಬದಲಿಸಬೇಕೆಂಬ ಷರತ್ತಿರುತ್ತದೆ. ಹೊಸ ನಮೂನೆಯ ಆಯಿಲ್ ಪಂಪ್ ಹಾಕಿದರೆ ಅದರ ಹೀರುವ ಕೊಳವೆಯೂ ಹೊಸತೇ ಆಗಬೇಕಾದದ್ದು ಈ ಬಗೆಯದು. ಒಂಟಿ ಭಾಗವನ್ನು ಕೊಂಡು ಬಂದವರಿಗೆ ಈ ಷರತ್ತು ಜೋಡಿಸುವಾಗ ಮಾತ್ರ ಗೊತ್ತಾಗುತ್ತದೆ.

ಸಂಖ್ಯೆಯನ್ನು ಅರೆದು ಅಳಿಸಿದ ಬ್ಲಾಕನ್ನು ಯಾವ ಬೆಲೆಗೂ ಕೊಳ್ಳಬೇಡಿ. ಅದು ಯಾವ ಎಂಜಿನ್ನೆಂದು ತಿಳಿಯುವ ದಾರಿ ಮುಚ್ಚಿಹೋಗಿರುತ್ತದೆ, ಅದರ ಒಡೆತನವೂ ಪ್ರಶ್ನಾರ್ಹವಾಗಿರುತ್ತದೆ. ಬ್ಲಾಕ್ ಬದಲಿಸಿದಾಗ ನೋಂದಣಿ ದಾಖಲೆಯಲ್ಲಿ ಹೊಸ ನಂಬರನ್ನು ಸೇರಿಸಬೇಕೆಂಬ ನಿಯಮ ಹಲವೆಡೆ ಇರುವುದರಿಂದ ಮಾರಾಟದ ರಸೀದಿಯಲ್ಲಿ ಆ ನಂಬರನ್ನು ಬರೆಸಿಕೊಳ್ಳುವುದೂ ಅಗತ್ಯ.

ಮೂರನೆಯ ಹೆಜ್ಜೆ: ಅಳತೆಯ ಸಲಕರಣೆಗಳು

ಭಾಗ ನೋಡಲು ಹೋಗುವಾಗ ವರ್ನಿಯರ್ ಕ್ಯಾಲಿಪರ್, ಜರ್ನಲ್‌ಗಳ ಅಳತೆಗೆ ಸರಿಹೊಂದುವ ಮೈಕ್ರೊಮೀಟರ್, ಫೀಲರ್ ಗೇಜ್ (ಸಂದಿನ ಅಗಲ ಅಳೆಯುವ ತೆಳು ತಗಡುಗಳು), ನೇರ ಅಂಚಿನ ಉಕ್ಕಿನ ಪಟ್ಟಿ, ಥ್ರೆಡ್ ಗೇಜ್ (ಬೋಲ್ಟಿನ ಥ್ರೆಡ್‌ಗಳ ನಡುವಿನ ದೂರ ನೋಡುವ ಸಾಧನ), ಟಾರ್ಚ್ ಮತ್ತು ಸಣ್ಣ ಆಯಸ್ಕಾಂತ ಕೈಯಲ್ಲಿರಲಿ. ಎರಕದ ಕಬ್ಬಿಣವೋ ಅಲ್ಯೂಮಿನಿಯಮ್ಮೋ ಎಂಬುದನ್ನು ಬಣ್ಣದ ಕೆಳಗೂ ಆಯಸ್ಕಾಂತ ತಿಳಿಸುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ವಸ್ತುವೆಂದರೆ ನಿಮ್ಮ ಎಂಜಿನ್‌ಗೆ ಸರಿಯಾದ ಗ್ಯಾಸ್ಕೆಟ್, ಅಂದರೆ ಎರಡು ಭಾಗಗಳ ನಡುವೆ ಸೋರದಂತೆ ಹಾಕುವ ಹಾಳೆ. ಹೊಸ ಹೆಡ್ ಗ್ಯಾಸ್ಕೆಟ್ಟನ್ನು ಮೊದಲೇ ಕೊಂಡು ಜೊತೆಗೊಯ್ದು, ನೋಡುತ್ತಿರುವ ಹೆಡ್ಡಿನ ಮೇಲೆ ಹಾಸಿ. ಬೋಲ್ಟ್ ರಂಧ್ರಗಳು, ನೀರಿನ ದಾರಿಗಳು, ಆಯಿಲ್ ಮೇಲೇರುವ ರಂಧ್ರ, ಸಿಲಿಂಡರಿನ ಸುತ್ತಳತೆ ಇವೆಲ್ಲವನ್ನೂ ಒಂದೇ ನೋಟದಲ್ಲಿ ತಾಳೆ ಮಾಡಬಹುದು. ಮ್ಯಾನಿಫೋಲ್ಡ್ (ಹೆಡ್ಡಿಗೆ ಸೇರುವ ಕೊಳವೆಗಳ ಜೋಡಣೆ), ಕಾರ್ಬ್ಯುರೇಟರ್, ವಾಟರ್ ಪಂಪ್, ಟೈಮಿಂಗ್ ಕವರ್, ಸಂಪ್ (ಎಂಜಿನ್‌ನ ಕೆಳಗಿನ ಆಯಿಲ್ ತೊಟ್ಟಿ) ಎಲ್ಲಕ್ಕೂ ಇದೇ ಕ್ರಮ ಅನ್ವಯಿಸುತ್ತದೆ. ಗ್ಯಾಸ್ಕೆಟ್ ಸಿಗದಿದ್ದರೆ ನಿಮ್ಮ ಹಳೆಯ ಭಾಗದ ಮುಖಕ್ಕೆ ದಪ್ಪ ಕಾಗದವನ್ನು ಒತ್ತಿ ಅಂಚುಗಳ ಅಚ್ಚನ್ನು ತೆಗೆದುಕೊಂಡು ಹೋಗಬಹುದು. ಆದರೆ ಗ್ಯಾಸ್ಕೆಟ್ ಮುಖದ ಆಕಾರವನ್ನು ಮಾತ್ರ ಹೇಳುತ್ತದೆ, ಭಾಗದ ಆಳ, ಎತ್ತರ, ಕೋನಗಳನ್ನು ಬೇರೆಯಾಗಿಯೇ ಅಳೆಯಬೇಕು.

ನಾಲ್ಕನೆಯ ಹೆಜ್ಜೆ: ಭಾಗವಾರು ಪರೀಕ್ಷೆ

ಸಿಲಿಂಡರ್ ಹೆಡ್

ಗ್ಯಾಸ್ಕೆಟ್ ತಾಳೆಯಾದ ನಂತರ ದಹನಕೋಣೆಯ ಗಾತ್ರವನ್ನು ನೋಡಬೇಕು. ಇದು ಕಣ್ಣಿಗೆ ಕಾಣದ ವ್ಯತ್ಯಾಸವಾದರೂ ಎಂಜಿನ್‌ನ ನಡವಳಿಕೆಯನ್ನೇ ಬದಲಿಸುತ್ತದೆ. ಪ್ರತಿ ಸಿಲಿಂಡರ್ 500 ಸಿಸಿ ಇರುವ ಎಂಜಿನ್ನನ್ನು ತೆಗೆದುಕೊಳ್ಳಿ. ಪಿಸ್ಟನ್ ಮೇಲಿನ ತುದಿಯಲ್ಲಿರುವಾಗ ಉಳಿಯುವ ಒಟ್ಟು ಜಾಗ 62.5 ಸಿಸಿ ಆಗಿದ್ದರೆ ಕಂಪ್ರೆಷನ್ ಅನುಪಾತ 9ಕ್ಕೆ 1. ಆ ಜಾಗ 55.5 ಸಿಸಿಗೆ ಇಳಿದರೆ ಅನುಪಾತ 10ಕ್ಕೆ 1 ಆಗುತ್ತದೆ. ಅಂದರೆ ಕೇವಲ 7 ಸಿಸಿ ವ್ಯತ್ಯಾಸದಿಂದ, ಸಾಧಾರಣ ಪೆಟ್ರೋಲಿನಲ್ಲಿ ನಿಶ್ಶಬ್ದವಾಗಿ ಓಡುತ್ತಿದ್ದ ಎಂಜಿನ್ ಏರು ರಸ್ತೆಯಲ್ಲಿ ಕುಟ್ಟುವ ಸದ್ದು ಮಾಡತೊಡಗಬಹುದು, ಅದು ಮುಂದುವರಿದರೆ ಪಿಸ್ಟನ್ ಒಡೆಯಬಹುದು. ದಹನಕೋಣೆಯನ್ನು ಅಳೆಯಲು ವಾಲ್ವ್ ಮತ್ತು ಪ್ಲಗ್ ಕೂಡಿಸಿದ ಹೆಡ್ಡನ್ನು ತಲೆಕೆಳಗಾಗಿ ಸಮತಟ್ಟಾಗಿಟ್ಟು, ಅಂಚಿಗೆ ಗ್ರೀಸು ಹಚ್ಚಿದ ಪಾರದರ್ಶಕ ಹಾಳೆಯನ್ನು ಮುಚ್ಚಿ, ಅದರಲ್ಲಿನ ಸಣ್ಣ ರಂಧ್ರದ ಮೂಲಕ ಅಳತೆಯ ನಳಿಗೆಯಿಂದ ದ್ರವವನ್ನು ತುಂಬಬೇಕು. ಮಾರುವವರ ಅಂಗಳದಲ್ಲಿ ಇದು ಸಾಧ್ಯವಾಗದಿದ್ದರೆ ಹೆಡ್ಡಿನ ಒಟ್ಟು ಎತ್ತರವನ್ನಾದರೂ ಅಳೆದು ಕೈಪಿಡಿಯ ಅಂಕಿಯೊಂದಿಗೆ ಹೋಲಿಸಿ. ಎತ್ತರ ಕಡಿಮೆಯಿದ್ದರೆ ಹೆಡ್ಡನ್ನು ಹಿಂದೆ ಅರೆಯಲಾಗಿದೆ, ದಹನಕೋಣೆ ಅಷ್ಟರಮಟ್ಟಿಗೆ ಕಿರಿದಾಗಿದೆ. ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ) ಮೇಲ್ಭಾಗದಲ್ಲಿರುವ ಎಂಜಿನ್‌ಗಳಲ್ಲಿ ಹೀಗೆ ಅರೆದಾಗ ಕ್ಯಾಮ್ ಕ್ರ್ಯಾಂಕಿಗೆ ಹತ್ತಿರವಾಗಿ ಟೈಮಿಂಗ್ (ವಾಲ್ವ್‌ಗಳು ತೆರೆದು ಮುಚ್ಚುವ ಸಮಯ) ಕೂಡ ಸ್ವಲ್ಪ ಕದಲುತ್ತದೆ.

ಡೀಸೆಲ್ ಎಂಜಿನ್‌ಗಳಲ್ಲಿ ಈ ಲೆಕ್ಕ ಇನ್ನೂ ಬಿಗಿಯಾದದ್ದು. ಪಿಸ್ಟನ್ ಬ್ಲಾಕಿನ ಮುಖದಿಂದ ಎಷ್ಟು ಮೇಲೆ ಚಾಚುತ್ತದೆ ಎಂಬುದನ್ನು ಅನುಸರಿಸಿ ಬೇರೆಬೇರೆ ದಪ್ಪದ ಹೆಡ್ ಗ್ಯಾಸ್ಕೆಟ್‌ಗಳಿರುತ್ತವೆ. ಅವುಗಳನ್ನು ಅಂಚಿನಲ್ಲಿರುವ ಕಚ್ಚುಗಳ ಅಥವಾ ಸಣ್ಣ ರಂಧ್ರಗಳ ಎಣಿಕೆಯಿಂದ ಗುರುತಿಸುತ್ತಾರೆ. ಪಿಸ್ಟನ್, ರಾಡ್, ಬ್ಲಾಕ್ ಇವುಗಳಲ್ಲಿ ಯಾವುದು ಬದಲಾದರೂ ಚಾಚುವಿಕೆಯನ್ನು ಮತ್ತೆ ಅಳೆದೇ ಗ್ಯಾಸ್ಕೆಟ್ ಆರಿಸಬೇಕು.

ವಾಲ್ವ್‌ಗಳ ವ್ಯಾಸ, ಪೋರ್ಟ್‌ಗಳ ಆಕಾರ ಮತ್ತು ಅವುಗಳ ನಡುವಿನ ದೂರ ನಿಮ್ಮ ಮ್ಯಾನಿಫೋಲ್ಡ್‌ಗೆ ಹೊಂದಬೇಕು. ಫೋಕ್ಸ್‌ವ್ಯಾಗನ್‌ನ ಗಾಳಿಯಿಂದ ತಣಿಯುವ 1600 ಸಿಸಿ ಎಂಜಿನ್ ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ಎರಡು ಸಿಲಿಂಡರುಗಳಿಗೆ ಒಂದೇ ಒಳದಾರಿಯಿರುವ ಹೆಡ್ಡೂ ಇದೆ, ತಲಾ ಒಂದು ಒಳದಾರಿಯಿರುವ ಹೆಡ್ಡೂ ಇದೆ. ಹೆಡ್ಡಿನ ನಮೂನೆ ಬದಲಾದರೆ ಇನ್‌ಟೇಕ್ ಮ್ಯಾನಿಫೋಲ್ಡ್ ಕೂಡ ಬದಲಾಗಲೇಬೇಕು. ಸ್ಪಾರ್ಕ್ ಪ್ಲಗ್ಗಿನ ರಂಧ್ರವನ್ನೂ ಮರೆಯಬಾರದು. ಥ್ರೆಡ್ಡಿನ ವ್ಯಾಸ 14 ಮಿ.ಮೀ. ಎಂದು ಸಮಾನವಾಗಿದ್ದರೂ ಅದರ ಉದ್ದ ಒಂದರಲ್ಲಿ 12.7 ಮಿ.ಮೀ., ಇನ್ನೊಂದರಲ್ಲಿ 19 ಮಿ.ಮೀ. ಇರಬಹುದು. ಉದ್ದದ ಪ್ಲಗ್ಗನ್ನು ಗಿಡ್ಡ ರಂಧ್ರಕ್ಕೆ ಹಾಕಿದರೆ ಪಿಸ್ಟನ್‌ಗೆ ತಾಗುವ ಅಪಾಯವಿದೆ. ಪ್ಲಗ್ ಕೂರುವ ಜಾಗ ಸಪಾಟಾಗಿದೆಯೋ ಇಳಿಜಾರಾಗಿದೆಯೋ ಎಂಬುದನ್ನೂ ನೋಡಿ. ಸೀಸ ಬೆರೆತ ಪೆಟ್ರೋಲಿನ ಕಾಲದ ಹೆಡ್ಡಿನಲ್ಲಿ ಎಕ್ಸಾಸ್ಟ್ ವಾಲ್ವಿನ ಸೀಟುಗಳನ್ನು ಗಟ್ಟಿಗೊಳಿಸಿದ್ದಾರೆಯೇ ಎಂದು ವಿಚಾರಿಸಿ, ಮೆತ್ತನೆಯ ಸೀಟುಗಳು ಸೀಸವಿಲ್ಲದ ಪೆಟ್ರೋಲಿನಲ್ಲಿ ಬೇಗ ಒಳಗೆ ಕುಸಿಯುತ್ತವೆ.

ಇಷ್ಟರಲ್ಲಿ ತೇರ್ಗಡೆಯಾದ ಹೆಡ್ಡಿನ ಮುಖದ ಮೇಲೆ ಉಕ್ಕಿನ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ ಫೀಲರ್ ಗೇಜ್ ತೂರಿಸಿ ನೋಡಿ. ಹಲವು ಕೈಪಿಡಿಗಳಲ್ಲಿ ಮಿತಿ 0.05ರಿಂದ 0.10 ಮಿ.ಮೀ. ಒಳಗೇ ಇರುತ್ತದೆ. ವಾಲ್ವ್ ಸೀಟುಗಳ ನಡುವಿನ ಸಣ್ಣ ಸೇತುವೆಯಂಥ ಜಾಗ ಮತ್ತು ಪ್ಲಗ್ ರಂಧ್ರದ ಸುತ್ತಲಿನ ಭಾಗ ಬಿರುಕು ಬಿಡುವುದು ಹೆಚ್ಚು. ಕ್ಯಾಮ್‌ಶಾಫ್ಟಿನ ಬೇರಿಂಗ್ ಕ್ಯಾಪ್‌ಗಳು ಅದೇ ಹೆಡ್ಡಿನವೇ ಎಂದು ಖಚಿತಪಡಿಸಿಕೊಳ್ಳಿ. ಅವನ್ನು ಹೆಡ್ಡಿನ ಜೊತೆಯಲ್ಲೇ ಬಿಗಿದು ಒಟ್ಟಿಗೆ ಕೊರೆದಿರುವುದರಿಂದ ಬೇರೆ ಹೆಡ್ಡಿನ ಕ್ಯಾಪ್ ಹಾಕಿದರೆ ಕ್ಯಾಮ್ ಬಿಗಿದುಕೊಳ್ಳುತ್ತದೆ.

ಕ್ರ್ಯಾಂಕ್‌ಶಾಫ್ಟ್ ಮತ್ತು ಫ್ಲೈವೀಲ್

ಕ್ರ್ಯಾಂಕಿನಲ್ಲಿ ಬ್ಲಾಕಿನಲ್ಲಿ ಕೂರುವ ಮೇನ್ ಜರ್ನಲ್, ಪಿಸ್ಟನ್ ರಾಡ್ ಸೇರುವ ರಾಡ್ ಜರ್ನಲ್, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ), ಹಿಂದಿನ ಆಯಿಲ್ ಸೀಲಿನ ನಮೂನೆ, ಹಿಂತುದಿಯ ಭಾರದ ಚಕ್ರವಾದ ಫ್ಲೈವೀಲಿನ ಬೋಲ್ಟ್‌ಗಳ ಸಂಖ್ಯೆ ಮತ್ತು ವೃತ್ತ, ಗೇರ್‌ಬಾಕ್ಸ್ ಶಾಫ್ಟಿನ ತುದಿ ಕೂರುವ ಪೈಲಟ್ ಬೇರಿಂಗಿನ ಗುಳಿ, ಮುಂದಿನ ಮೂತಿಯ ವ್ಯಾಸ, ತೂಕ ಸಮತೋಲನದ ಬಗೆ ಇವಿಷ್ಟೂ ಒಟ್ಟಿಗೆ ಸರಿಬರಬೇಕು. ಷೆವ್ರೊಲೆಯ ಸ್ಮಾಲ್ ಬ್ಲಾಕ್ ವಿ8 ಎಂಜಿನ್ 1955ರಿಂದ ದಶಕಗಳ ಕಾಲ ಹೊರಗಿನಿಂದ ಒಂದೇ ರೂಪದಲ್ಲಿ ತಯಾರಾದರೂ, ಅದರ ಮೇನ್ ಜರ್ನಲ್ 1960ರ ದಶಕದ ಕೊನೆಯ ಹೊತ್ತಿಗೆ 2.30 ಇಂಚಿನಿಂದ 2.45 ಇಂಚಿಗೆ ಬೆಳೆಯಿತು. 400 ಘನ ಇಂಚಿನ ಆವೃತ್ತಿಯಲ್ಲಿ ಅದು 2.65 ಇಂಚು. 1986ರ ಮಾದರಿಗಳಿಂದ ಎರಡು ತುಂಡಿನ ಹಿಂದಿನ ಸೀಲ್ ಹೋಗಿ ಒಂದೇ ತುಂಡಿನ ಸೀಲ್ ಬಂದಾಗ ಫ್ಲೈವೀಲಿನ ಬೋಲ್ಟ್ ವೃತ್ತವೂ ಕಿರಿದಾಯಿತು. ‘ಸ್ಮಾಲ್ ಬ್ಲಾಕ್ ಕ್ರ್ಯಾಂಕ್’ ಎಂಬ ಹೆಸರನ್ನಷ್ಟೇ ನಂಬಿ ಕೊಂಡವರಿಗೆ ಈ ಮೂರು ಕಡೆಯಲ್ಲೂ ತಪ್ಪುವ ಅವಕಾಶವಿದೆ.

ಸಮತೋಲನದ ವ್ಯತ್ಯಾಸ ಇನ್ನೂ ಗೂಢವಾದದ್ದು, ಏಕೆಂದರೆ ಎಲ್ಲ ಬೋಲ್ಟ್‌ಗಳೂ ಕೂತು ಎಂಜಿನ್ ಚಾಲೂ ಆದ ಮೇಲಷ್ಟೇ ಅದು ಪ್ರಕಟವಾಗುತ್ತದೆ. ಕೆಲವು ಎಂಜಿನ್‌ಗಳಲ್ಲಿ ಸಮತೋಲನದ ತೂಕ ಪೂರ್ತಿಯಾಗಿ ಕ್ರ್ಯಾಂಕಿನಲ್ಲೇ ಇರುತ್ತದೆ, ಕೆಲವುಗಳಲ್ಲಿ ಅದರ ಒಂದಂಶವನ್ನು ಫ್ಲೈವೀಲ್ ಮತ್ತು ಮುಂದಿನ ಡ್ಯಾಂಪರ್ (ಕ್ರ್ಯಾಂಕಿನ ಕಂಪನ ತಗ್ಗಿಸುವ ಚಕ್ರ) ಹೊರುತ್ತವೆ. ಫೋರ್ಡ್ 302 ಎಂಜಿನ್‌ನಲ್ಲಿ ಈ ಹೊರಗಿನ ತೂಕ 28 ಔನ್ಸ್-ಇಂಚು (ತೂಕವನ್ನು ಅದು ನಡುಬಿಂದುವಿನಿಂದ ಇರುವ ದೂರದಿಂದ ಗುಣಿಸಿದ ಅಳತೆ) ಇದ್ದದ್ದು 1980ರ ದಶಕದ ಆರಂಭದಲ್ಲಿ 50 ಔನ್ಸ್-ಇಂಚಿಗೆ ಬದಲಾಯಿತು. ಒಂದು ಕಾಲದ ಕ್ರ್ಯಾಂಕಿಗೆ ಇನ್ನೊಂದು ಕಾಲದ ಫ್ಲೈವೀಲ್ ಹಾಕಿದರೆ ಎಂಜಿನ್ ನಡುಗುತ್ತದೆ, ಕಾಲಕ್ರಮದಲ್ಲಿ ಬೇರಿಂಗ್‌ಗಳು ಹೋಗುತ್ತವೆ. ಸಾಧ್ಯವಿದ್ದಲ್ಲೆಲ್ಲ ಕ್ರ್ಯಾಂಕ್, ಡ್ಯಾಂಪರ್, ಫ್ಲೈವೀಲ್ ಮೂರನ್ನೂ ಒಂದೇ ಎಂಜಿನ್‌ನಿಂದ ಒಟ್ಟಿಗೆ ಕೊಳ್ಳುವುದೇ ಉತ್ತಮ.

ಫ್ಲೈವೀಲಿನ ರಿಂಗ್ ಗೇರಿನ ಹಲ್ಲುಗಳನ್ನು ಎಣಿಸಿ. ಬೀಟಲ್ ಕಾರಿನ 6 ವೋಲ್ಟ್ ಕಾಲದ ಫ್ಲೈವೀಲಿಗೆ 109 ಹಲ್ಲು, 12 ವೋಲ್ಟ್ ಕಾಲದ್ದಕ್ಕೆ 130 ಹಲ್ಲು. ಸ್ಟಾರ್ಟರ್ ಅದೇ ಉಳಿದು ಫ್ಲೈವೀಲ್ ಮಾತ್ರ ಬದಲಾದರೆ ಹಲ್ಲುಗಳು ಅರೆಯುತ್ತವೆ. ಕ್ಲಚ್ ಪ್ಲೇಟಿನ ವ್ಯಾಸ ಮತ್ತು ಅದರ ನಡುವಿನ ಸ್ಪ್ಲೈನ್‌ಗಳ (ಶಾಫ್ಟಿಗೆ ಕಚ್ಚಿಕೊಳ್ಳುವ ಉದ್ದ ಹಲ್ಲುಗಳ) ಸಂಖ್ಯೆಯನ್ನು ಗೇರ್‌ಬಾಕ್ಸಿನ ಶಾಫ್ಟ್ ಜೊತೆ ತಾಳೆ ಮಾಡಿ.

ಜರ್ನಲ್‌ಗಳನ್ನು ಮೈಕ್ರೊಮೀಟರ್‌ನಿಂದ ಎರಡು ದಿಕ್ಕಿನಲ್ಲಿ, ಎರಡು ತುದಿಗಳಲ್ಲಿ ಅಳೆಯಿರಿ. ದಿಕ್ಕುಗಳ ನಡುವಿನ ವ್ಯತ್ಯಾಸ ಅಂಡಾಕಾರವನ್ನೂ ತುದಿಗಳ ನಡುವಿನ ವ್ಯತ್ಯಾಸ ಇಳಿಜಾರನ್ನೂ ಹೇಳುತ್ತದೆ. ಕ್ರ್ಯಾಂಕ್ ಈಗಾಗಲೇ ಕೊನೆಯ ಅಂಡರ್‌ಸೈಜ್‌ವರೆಗೆ ಅರೆದದ್ದಾಗಿದ್ದರೆ, ಅಥವಾ ಆ ಅಳತೆಯ ಬೇರಿಂಗ್ ನಿಮ್ಮ ಎಂಜಿನ್‌ಗೆ ಈಗ ತಯಾರಾಗುತ್ತಿಲ್ಲದಿದ್ದರೆ, ಅದು ಎಷ್ಟು ಹೊಳೆಯುತ್ತಿದ್ದರೂ ನಿಮಗೆ ಪ್ರಯೋಜನವಿಲ್ಲ. ಹಾಗಾಗಿ ಬೇರಿಂಗ್ ಸಿಗುತ್ತದೆಯೇ ಎಂಬ ವಿಚಾರಣೆ ಕ್ರ್ಯಾಂಕಿನ ಹಣ ಕೊಡುವ ಮೊದಲೇ ಮುಗಿದಿರಬೇಕು.

ಪಿಸ್ಟನ್, ರಾಡ್, ಬ್ಲಾಕ್

ಪಿಸ್ಟನ್‌ನ ವ್ಯಾಸ ಒಂದೇ ಇದ್ದರೂ ಅದನ್ನು ರಾಡಿಗೆ ಸೇರಿಸುವ ಪಿನ್ನಿನ ನಡುಬಿಂದುವಿನಿಂದ ತಲೆಯವರೆಗಿನ ಎತ್ತರ, ಪಿನ್ನಿನ ವ್ಯಾಸ, ಪಿನ್ ನಡುವಿನಿಂದ ಸರಿದಿರುವ ದೂರ, ರಿಂಗ್ ಕೂರುವ ತೋಡುಗಳ ಅಗಲ, ವಾಲ್ವ್‌ಗಾಗಿ ತಲೆಯಲ್ಲಿ ಕೆತ್ತಿದ ತಗ್ಗುಗಳು ಬೇರೆಯಾಗಿರಬಹುದು. ಒಂದೇ ಒಂದು ಪಿಸ್ಟನ್ ಬದಲಿಸುವುದಾದರೆ ಅದನ್ನು ಉಳಿದವುಗಳ ಜೊತೆ ಗ್ರಾಂ ಲೆಕ್ಕದಲ್ಲಿ ತೂಗಿ ನೋಡಿ. ಕನೆಕ್ಟಿಂಗ್ ರಾಡ್ ಮತ್ತು ಅದರ ಕ್ಯಾಪ್, ಬ್ಲಾಕ್ ಮತ್ತು ಅದರ ಮೇನ್ ಕ್ಯಾಪ್‌ಗಳು ಜೊತೆಯಾಗಿ ಕೊರೆದವು. ಕ್ಯಾಪ್ ಕಳೆದುಹೋದ ಬ್ಲಾಕನ್ನು ಬೇರೆ ಬ್ಲಾಕಿನ ಕ್ಯಾಪ್ ಹಾಕಿ ಬಳಸಬೇಕಾದರೆ ಎಲ್ಲ ಮೇನ್ ರಂಧ್ರಗಳನ್ನೂ ಒಂದೇ ಸಾಲಿನಲ್ಲಿ ಮರುಕೊರೆಸಬೇಕಾಗುತ್ತದೆ. ಅಷ್ಟು ಕೆಲಸಕ್ಕೆ ಒಳಪಡಿಸುವುದಕ್ಕಿಂತ ಇನ್ನೊಂದು ಬ್ಲಾಕ್ ಹುಡುಕುವುದು ಲೇಸು.

ಒಂದೇ ಕುಟುಂಬದ ಎಂಜಿನ್ ಒಂದು ವಾಹನದಲ್ಲಿ ಉದ್ದಕ್ಕೂ ಇನ್ನೊಂದರಲ್ಲಿ ಅಡ್ಡಕ್ಕೂ ಕೂತಿರುವುದುಂಟು. ಆಗ ಬ್ಲಾಕಿನ ಮೌಂಟ್ ಕೂರುವ ಜಾಗಗಳು, ಡಿಪ್‌ಸ್ಟಿಕ್ಕಿನ ರಂಧ್ರ, ಸಂಪಿನ ಆಳದ ಭಾಗ ಮುಂದೋ ಹಿಂದೋ ಎಂಬುದು, ಗೇರ್‌ಬಾಕ್ಸ್ ಸೇರುವ ಬೋಲ್ಟ್‌ಗಳ ವಿನ್ಯಾಸ ಎಲ್ಲವೂ ಬದಲಾಗಿರುತ್ತವೆ. ಸಂಪ್ ಬದಲಾದರೆ ಆಯಿಲ್ ಹೀರುವ ಕೊಳವೆಯ ಎತ್ತರವನ್ನೂ ಪರಿಶೀಲಿಸಬೇಕು.

ಕ್ಯಾಮ್‌ಶಾಫ್ಟ್ ಮತ್ತು ಟೈಮಿಂಗ್

ಚಪ್ಪಟೆ ಟ್ಯಾಪೆಟ್‌ಗಳ (ಕ್ಯಾಮಿನ ಚಲನೆಯನ್ನು ವಾಲ್ವ್ ಕಡೆಗೆ ಒಯ್ಯುವ ತುಂಡುಗಳ) ಮೇಲೆ ಓಡಿದ ಕ್ಯಾಮ್‌ಶಾಫ್ಟನ್ನು ಅದರ ಟ್ಯಾಪೆಟ್‌ಗಳಿಲ್ಲದೆ ಕೊಳ್ಳಬಾರದು. ಪ್ರತಿ ಟ್ಯಾಪೆಟ್ ತನ್ನ ಲೋಬ್‌ಗೆ (ಅದನ್ನು ತಳ್ಳುವ ಕ್ಯಾಮಿನ ಉಬ್ಬಿಗೆ) ತಕ್ಕಂತೆ ಸವೆದು ಒಗ್ಗಿಕೊಂಡಿರುತ್ತದೆ, ಸ್ಥಾನ ಅದಲುಬದಲಾದರೆ ಲೋಬ್‌ಗಳು ಬೇಗನೆ ತಿಂದುಹೋಗುತ್ತವೆ. ಯಾವುದು ಯಾವ ಸ್ಥಾನದ್ದೆಂದು ಗುರುತು ಹಾಕದೆ ಡಬ್ಬಿಯೊಂದರಲ್ಲಿ ಸುರಿದಿಟ್ಟ ಟ್ಯಾಪೆಟ್‌ಗಳಿಗೆ ಬೆಲೆಯಿಲ್ಲ. ಡಿಸ್ಟ್ರಿಬ್ಯೂಟರನ್ನು ತಿರುಗಿಸುವ ಗೇರು ಕ್ಯಾಮಿನ ಲೋಹಕ್ಕೆ ಹೊಂದಬೇಕು. ಉಕ್ಕಿನ ರೋಲರ್ ಕ್ಯಾಮಿಗೆ ಎರಕದ ಕಬ್ಬಿಣದ ಕ್ಯಾಮಿಗಾಗಿ ಮಾಡಿದ ಗೇರು ಹಾಕಿದರೆ ಅದು ಸವೆದು ಪುಡಿಯಾಗಬಹುದು. ಟೈಮಿಂಗ್ ಚೈನ್ ಒಂಟಿ ಸಾಲಿನದೋ ಜೋಡಿ ಸಾಲಿನದೋ, ಬೆಲ್ಟ್ ಆದರೆ ಹಲ್ಲಿನ ಆಕಾರ ಚೌಕಾಕಾರದ್ದೋ ದುಂಡಾದದ್ದೋ ಎಂದು ನೋಡಿ. ಬೆಲ್ಟ್ ಮತ್ತು ಅದರ ಗಾಲಿಗಳ ಹಲ್ಲಿನ ಆಕಾರ ಬೇರೆಯಾದರೆ ಮೊದಲ ದಿನ ಓಡಿದರೂ ಹಲ್ಲು ಜಿಗಿಯುವ ಭಯ ಸದಾ ಇರುತ್ತದೆ. ಟೈಮಿಂಗ್ ತಪ್ಪಿದರೆ ವಾಲ್ವ್ ಪಿಸ್ಟನ್‌ಗೆ ಬಡಿಯುವ ಜಾತಿಯ ಎಂಜಿನ್‌ನಲ್ಲಿ ಅದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ಇಂಧನ ಮತ್ತು ವಿದ್ಯುತ್ ಭಾಗಗಳು

ಕಾರ್ಬ್ಯುರೇಟರಿನಲ್ಲಿ ಬೋಲ್ಟ್‌ಗಳ ನಡುವಿನ ದೂರದ ಜೊತೆಗೆ ಗಾಳಿ ಹೋಗುವ ರಂಧ್ರದ ವ್ಯಾಸ, ಜೆಟ್‌ಗಳ ಮೇಲಿನ ಸಂಖ್ಯೆ, ವ್ಯಾಕ್ಯೂಮ್ ಕೊಳವೆಗಳ ಸ್ಥಾನಗಳನ್ನು ನೋಡಿ. ಕಾರ್ಬ್ಯುರೇಟರ್ ಬಯಸುವ ಇಂಧನದ ಒತ್ತಡ ಸಾಮಾನ್ಯವಾಗಿ 0.2ರಿಂದ 0.4 ಬಾರ್, ಇಂಜೆಕ್ಷನ್ ವ್ಯವಸ್ಥೆಯ ಪಂಪ್ ಕೊಡುವುದು ಹಲವು ವಾಹನಗಳಲ್ಲಿ 2.5ರಿಂದ 4 ಬಾರ್. ಒಂದರ ಪಂಪನ್ನು ಇನ್ನೊಂದಕ್ಕೆ ಜೋಡಿಸಿದರೆ ಪೆಟ್ರೋಲ್ ಉಕ್ಕಿ ಬೆಂಕಿಯ ಅಪಾಯ ಒದಗುತ್ತದೆ. ಇಂಜೆಕ್ಟರುಗಳಲ್ಲಿ ಹರಿವಿನ ಪ್ರಮಾಣದ ಜೊತೆಗೆ ವಿದ್ಯುತ್ ಪ್ರತಿರೋಧವನ್ನೂ ಅಳೆಯಿರಿ. 12ರಿಂದ 16 ಓಮ್‌ಗಳಿಗಾಗಿ ರೂಪಿಸಿದ ನಿಯಂತ್ರಕಕ್ಕೆ 2ರಿಂದ 5 ಓಮ್‌ನ ಇಂಜೆಕ್ಟರ್ ನೇರವಾಗಿ ಹಾಕಿದರೆ ಅದರ ಒಳಗಿನ ಸರ್ಕ್ಯೂಟ್ ಸುಟ್ಟುಹೋಗಬಹುದು.

ಡೈನಮೊ ಅಥವಾ ಆಲ್ಟರ್ನೇಟರ್ ಕೊಳ್ಳುವಾಗ ವೋಲ್ಟೇಜ್, ಬೆಲ್ಟ್ ಗಾಲಿಯ ನಮೂನೆ, ಕಿವಿಗಳ ದೂರ ನೋಡಿದ ಮೇಲೆ ಬ್ಯಾಟರಿಯ ಯಾವ ತುದಿಯನ್ನು ವಾಹನದ ಲೋಹದ ಮೈಗೆ ಜೋಡಿಸಿದೆ ಎಂಬುದನ್ನು ಗಮನಿಸಿ. 1960ರ ದಶಕದವರೆಗಿನ ಅನೇಕ ಬ್ರಿಟಿಷ್ ವಾಹನಗಳಲ್ಲಿ ಧನ ತುದಿ ಲೋಹದ ಮೈಗೆ ಸೇರಿರುತ್ತಿತ್ತು. ಅಂಥ ವಾಹನಕ್ಕೆ ಸಾಮಾನ್ಯ ಆಲ್ಟರ್ನೇಟರ್ ಹಾಕಿದರೆ ಅದರ ಡಯೋಡ್‌ಗಳು ಕ್ಷಣಮಾತ್ರದಲ್ಲಿ ಸುಡುತ್ತವೆ. ತಿರುಗುವ ದಿಕ್ಕು ಇನ್ನೊಂದು ಅಂಶ. ಹೋಂಡಾದ ಬಿ, ಡಿ, ಎಫ್, ಎಚ್ ಸರಣಿಯ ಎಂಜಿನ್‌ಗಳು ಉಳಿದ ಹೆಚ್ಚಿನ ಎಂಜಿನ್‌ಗಳಿಗೆ ವಿರುದ್ಧವಾಗಿ, ಅಪ್ರದಕ್ಷಿಣವಾಗಿ ತಿರುಗುತ್ತವೆ. ಒಂದೇ ಎಂಜಿನ್‌ನಲ್ಲೂ ಬೆಲ್ಟಿನ ಹಾದಿ ಬದಲಾದಾಗ ವಾಟರ್ ಪಂಪ್ ಹಿಮ್ಮುಖವಾಗಿ ತಿರುಗುವುದುಂಟು. ಪಂಪಿನ ಒಳಗಿನ ರೆಕ್ಕೆಗಳ ಬಾಗು ಆ ದಿಕ್ಕಿಗೆ ತಕ್ಕುದಾಗಿರದಿದ್ದರೆ ಎಂಜಿನ್ ಕಾರಣ ತಿಳಿಯದಂತೆ ಕಾಯುತ್ತದೆ.

ಎಲೆಕ್ಟ್ರಾನಿಕ್ ನಿಯಂತ್ರಣವಿರುವ ವಾಹನದಲ್ಲಿ ಕ್ರ್ಯಾಂಕಿನ ಸೆನ್ಸರ್ ಓದುವ ಹಲ್ಲಿನ ಚಕ್ರ 60 ಸ್ಥಾನಗಳಲ್ಲಿ ಎರಡು ಬಿಟ್ಟದ್ದೋ 36ರಲ್ಲಿ ಒಂದು ಬಿಟ್ಟದ್ದೋ ಎಂದು ಎಣಿಸಿಯೇ ನೋಡಬೇಕು. 1990ರ ದಶಕದ ಮಧ್ಯದಿಂದೀಚೆಗೆ ಹಲವು ವಾಹನಗಳಲ್ಲಿ ನಿಯಂತ್ರಕ ಪೆಟ್ಟಿಗೆ ಕೀಲಿಯೊಂದಿಗೆ ಸಂಕೇತದ ಮೂಲಕ ಬೆಸೆದಿರುವುದರಿಂದ, ಪೆಟ್ಟಿಗೆಯನ್ನು ಅದರ ಕೀಲಿ ಮತ್ತು ಇಮೊಬಿಲೈಸರ್ (ಸರಿಯಾದ ಕೀಲಿ ಇಲ್ಲದೆ ಎಂಜಿನ್ ಚಾಲೂ ಆಗದಂತೆ ತಡೆಯುವ ಸಾಧನ) ಸಮೇತ ಕೊಳ್ಳಬೇಕು, ಇಲ್ಲವೇ ಮರುಸಂಕೇತ ಮಾಡಿಕೊಡುವವರು ಇದ್ದಾರೆಂದು ಮೊದಲೇ ತಿಳಿದುಕೊಳ್ಳಬೇಕು.

ಐದನೆಯ ಹೆಜ್ಜೆ: ಥ್ರೆಡ್‌ಗಳು

ಇಂಚಿನ ಮತ್ತು ಮಿಲಿಮೀಟರಿನ ಥ್ರೆಡ್‌ಗಳು ಕೆಲವೆಡೆ ಎಷ್ಟು ಹತ್ತಿರವಾಗಿವೆಯೆಂದರೆ ಕೈಗೂ ಮೋಸವಾಗುತ್ತದೆ. ಐದು ಹದಿನಾರಾಂಶ ಇಂಚಿನ ದಪ್ಪ ಥ್ರೆಡ್ಡಿನ ಬೋಲ್ಟ್ 7.94 ಮಿ.ಮೀ. ವ್ಯಾಸದ್ದು, ಅದರ ಥ್ರೆಡ್‌ಗಳ ನಡುವಿನ ದೂರ 1.41 ಮಿ.ಮೀ. 8 ಮಿ.ಮೀ. ಬೋಲ್ಟಿನಲ್ಲಿ ಆ ದೂರ 1.25 ಮಿ.ಮೀ. ಮೊದಲನೆಯದು ಎರಡನೆಯದರ ರಂಧ್ರದಲ್ಲಿ ಎರಡು ಮೂರು ಸುತ್ತು ಸಲೀಸಾಗಿ ಹೋಗಿ ನಂತರ ಬಿಗಿಯುತ್ತದೆ. ಆಗ ಸ್ಪ್ಯಾನರ್ ಹಾಕಿ ಬಲ ಹೇರಿದರೆ ಅಲ್ಯೂಮಿನಿಯಮ್ ಎರಕದ ಥ್ರೆಡ್ ಕಿತ್ತುಬರುತ್ತದೆ. ಹಾಗೆಯೇ 10 ಮಿ.ಮೀ. ಬೋಲ್ಟ್‌ಗಳಲ್ಲಿ 1.25 ಮತ್ತು 1.50 ಎರಡೂ ಪ್ರಚಲಿತ. ಥ್ರೆಡ್ ಗೇಜನ್ನು ಪ್ರತಿ ರಂಧ್ರದ ಬೋಲ್ಟಿಗೂ ಇಟ್ಟು ನೋಡುವ ತಾಳ್ಮೆ ಇರಲಿ.

ಆರನೆಯ ಹೆಜ್ಜೆ: ಮಾರುವವರೊಂದಿಗೆ ಮಾತು

ದೂರದಿಂದ ಕೊಳ್ಳುವಾಗ ಭಾಗದ ಸಂಖ್ಯೆಗಳ ಹತ್ತಿರದ ಚಿತ್ರ, ಜೋಡಣೆಯ ಮುಖದ ನೇರ ಚಿತ್ರ, ಕ್ಯಾಲಿಪರ್ ಇಟ್ಟು ತೆಗೆದ ಅಳತೆಯ ಚಿತ್ರ ಮೂರನ್ನೂ ಕೇಳಿ ಪಡೆಯಿರಿ. ಯಾವ ವಾಹನದಿಂದ ಬಿಚ್ಚಿದ್ದು, ಅದರ ಚಾಸಿ ನಂಬರ್ ಏನು, ಎಂಜಿನ್ ಏಕೆ ಬಿಚ್ಚಲಾಯಿತು, ಬಿಚ್ಚುವ ಮೊದಲು ಅದು ಓಡುತ್ತಿತ್ತೇ ಎಂದು ವಿಚಾರಿಸಿ. ಕಾದು ಕೆಟ್ಟ ಎಂಜಿನ್‌ನ ಹೆಡ್, ಆಯಿಲ್ ಒತ್ತಡ ಇಳಿದು ನಿಂತ ಎಂಜಿನ್‌ನ ಕ್ರ್ಯಾಂಕ್ ಇವು ಮೊದಲಿನಿಂದಲೇ ಸಂಶಯಾಸ್ಪದ. ಭಾಗ ಹೊಂದದಿದ್ದರೆ ಹಿಂದಿರುಗಿಸುವ ಅವಧಿ ಎಷ್ಟು, ಸಾಗಣೆಯ ವೆಚ್ಚ ಯಾರದು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಬಿರುಕಿನ ಪರೀಕ್ಷೆ ಕಬ್ಬಿಣದ ಭಾಗಕ್ಕೆ ಕಾಂತೀಯ ಪುಡಿಯಿಂದ, ಅಲ್ಯೂಮಿನಿಯಮ್ಮಿಗೆ ಬಣ್ಣದ ದ್ರವದಿಂದ ಅಥವಾ ನೀರಿನ ದಾರಿಗಳಿಗೆ ಒತ್ತಡ ಹಾಕಿ ನಡೆಯುತ್ತದೆ. ಆ ಪರೀಕ್ಷೆಯಲ್ಲಿ ಸೋತರೆ ಹಣ ವಾಪಸು ಎಂಬ ಒಪ್ಪಂದಕ್ಕೆ ಒಪ್ಪದವರಿಂದ ಬ್ಲಾಕನ್ನಾಗಲಿ ಹೆಡ್ಡನ್ನಾಗಲಿ ನಾನಂತೂ ಕೊಳ್ಳಲಾರೆ.

ಗ್ಯಾಸ್ಕೆಟ್, ಆಯಿಲ್ ಸೀಲ್, ಟೈಮಿಂಗ್ ಬೆಲ್ಟ್ ಮತ್ತು ಅದರ ಟೆನ್ಷನರ್, ಬೇರಿಂಗ್ ಚಿಪ್ಪುಗಳು, ಪಿಸ್ಟನ್ ರಿಂಗ್‌ಗಳು, ಒಮ್ಮೆ ಹಿಗ್ಗಿಸಿ ಬಿಗಿಯುವ ಜಾತಿಯ ಹೆಡ್ ಬೋಲ್ಟ್‌ಗಳು ಇವನ್ನು ಬಳಸಿದ ಸ್ಥಿತಿಯಲ್ಲಿ ಕೊಳ್ಳುವಂತಿಲ್ಲ. ಈ ಹೊಸ ಸಾಮಾನುಗಳು ನಿಮ್ಮ ಎಂಜಿನ್‌ಗೆ ಈಗಲೂ ಲಭ್ಯವೇ ಎಂಬುದು ಬಳಸಿದ ಭಾಗ ಕೊಳ್ಳುವ ನಿರ್ಧಾರದ ಒಂದು ಅಂಗವೇ ಆಗಿರಬೇಕು.

ಏಳನೆಯ ಹೆಜ್ಜೆ: ಒಣ ಜೋಡಣೆ

ಭಾಗ ಕೈಸೇರಿದ ಕೂಡಲೇ, ಬಣ್ಣ ಬಳಿಯುವ ಅಥವಾ ಲೇತಿಗೆ ಕೊಡುವ ಮೊದಲು, ಹಳೆಯ ಭಾಗದ ಪಕ್ಕದಲ್ಲಿಟ್ಟು ಎಲ್ಲ ಅಳತೆಗಳನ್ನೂ ಮತ್ತೊಮ್ಮೆ ತೆಗೆಯಿರಿ. ಒಮ್ಮೆ ಲೋಹ ಕೆತ್ತಿದ ಭಾಗವನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಂತರ ಅಂಟು ಹಚ್ಚದೆ, ಪೂರ್ತಿ ಬಿಗಿಯದೆ ಜೋಡಿಸಿ ನೋಡಿ. ಬೇರಿಂಗಿನ ಅಂತರವನ್ನು ಅಳೆಯಲು ಮೃದುವಾದ ಪ್ಲಾಸ್ಟಿಕ್ ಎಳೆಯನ್ನು ಜರ್ನಲ್ ಮೇಲಿಟ್ಟು, ಕ್ಯಾಪನ್ನು ನಿಗದಿತ ಟಾರ್ಕಿಗೆ ಬಿಗಿದು ಬಿಚ್ಚಿ, ಎಳೆ ಎಷ್ಟು ಅಗಲವಾಗಿ ಚಪ್ಪಟೆಯಾಗಿದೆ ಎಂಬುದನ್ನು ಅದರ ಜೊತೆ ಬರುವ ಪಟ್ಟಿಯಿಂದ ಓದಬೇಕು. ಈ ಹಂತದಲ್ಲಿ ಕ್ರ್ಯಾಂಕನ್ನು ತಿರುಗಿಸಬಾರದು. ಜರ್ನಲ್ ವ್ಯಾಸದ ಸಾವಿರದ ಒಂದಂಶ, ಅಂದರೆ 50 ಮಿ.ಮೀ. ಜರ್ನಲ್‌ಗೆ ಸುಮಾರು 0.05 ಮಿ.ಮೀ., ಸಾಮಾನ್ಯ ಅಂದಾಜು. ಕೈಪಿಡಿಯ ಅಂಕಿ ಬೇರೆಯಿದ್ದರೆ ಅದೇ ಅಂತಿಮ.

ಹೆಡ್, ಪಿಸ್ಟನ್, ಕ್ಯಾಮ್ ಇವುಗಳಲ್ಲಿ ಯಾವುದು ಬದಲಾಗಿದ್ದರೂ ಪಿಸ್ಟನ್ ತಲೆಯ ಮೇಲೆ ಮಾಡೆಲಿಂಗ್ ಕ್ಲೇಯ ತೆಳು ಪದರವನ್ನಿಟ್ಟು, ಹಳೆಯ ಗ್ಯಾಸ್ಕೆಟ್ ಹಾಕಿ ಹೆಡ್ ಕೂಡಿಸಿ, ಟೈಮಿಂಗ್ ಜೋಡಿಸಿ, ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ಣ ಸುತ್ತು ನಿಧಾನವಾಗಿ ತಿರುಗಿಸಿ. ಹೈಡ್ರಾಲಿಕ್ ಟ್ಯಾಪೆಟ್ ಇರುವ ಎಂಜಿನ್‌ನಲ್ಲಿ ಟ್ಯಾಪೆಟ್ ಕುಸಿದು ತಪ್ಪು ಅಳತೆ ಬರುವುದರಿಂದ ಈ ಪರೀಕ್ಷೆಗೆ ಗಟ್ಟಿ ಟ್ಯಾಪೆಟ್ ಬೇಕು. ಹೆಡ್ ಬಿಚ್ಚಿ ಮಣ್ಣಿನ ಅತ್ಯಂತ ತೆಳುವಾದ ಜಾಗವನ್ನು ಕತ್ತರಿಸಿ ಅಳೆದರೆ ವಾಲ್ವ್ ಮತ್ತು ಪಿಸ್ಟನ್ ನಡುವಿನ ಅಂತರ ತಿಳಿಯುತ್ತದೆ. ಇನ್‌ಟೇಕ್ ಬದಿಯಲ್ಲಿ ಸುಮಾರು 2 ಮಿ.ಮೀ., ಎಕ್ಸಾಸ್ಟ್ ಬದಿಯಲ್ಲಿ ಸುಮಾರು 2.5 ಮಿ.ಮೀ.ಗಿಂತ ಕಡಿಮೆ ಇರಬಾರದೆಂಬುದು ಕಸುಬುದಾರರು ಸಾಮಾನ್ಯವಾಗಿ ಇಟ್ಟುಕೊಂಡಿರುವ ಮಿತಿ. ತಿರುಗಿಸುವಾಗ ಎಲ್ಲಿಯಾದರೂ ತಡೆದಂತಾದರೆ ಅಲ್ಲಿಗೇ ನಿಲ್ಲಿಸಿ, ಹಿಂದಕ್ಕೆ ಸ್ವಲ್ಪ ತಿರುಗಿಸಿ, ಹೆಡ್ ಬಿಚ್ಚಿ ಕಾರಣ ನೋಡಿ. ಆ ತಡೆಯ ಕಾರಣ ಕಣ್ಣಿಗೆ ಕಾಣುವವರೆಗೂ ಸ್ಟಾರ್ಟರ್ ಮೋಟರಿಗೆ ಬ್ಯಾಟರಿಯ ತಂತಿಯನ್ನು ಜೋಡಿಸಬೇಡಿ.